ಚುಕ್ಕಿ ಒತ್ತಿದ ಕೂಡಲೇ

ಬೆಂಗಳೂರಿನ ಸಾಫ್ಟ್‌ವೇರ್ ಚರಿತ್ರೆ ಹೇಳುವವರು 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದದ್ದರಿಂದ ಶುರು ಮಾಡುತ್ತಾರೆ. ಆಮೇಲೆ ಇನ್ಫೋಸಿಸ್, ವಿಪ್ರೊ, ಎಲೆಕ್ಟ್ರಾನಿಕ್ ಸಿಟಿ, ರಫ್ತಿನ ಅಂಕಿ. ಈ ಕಥೆಯಲ್ಲಿ ಕಂಪನಿಗಳಿವೆ, ಕಟ್ಟಡಗಳಿವೆ. ದಿನವಿಡೀ ಕೂತು ಕೋಡ್ ಬರೆಯುವವರ ಕೈಯಲ್ಲಿದ್ದ ಸಲಕರಣೆಯ ಮಾತು ಬರುವುದೇ ಅಪರೂಪ. ಆ ಸಲಕರಣೆಗೂ ಒಂದು ಚರಿತ್ರೆಯಿದೆ. ಅದರ ಅತಿ ಕಷ್ಟದ ಅಧ್ಯಾಯಗಳಲ್ಲೊಂದು ನಡೆದದ್ದು ಬೆಂಗಳೂರಿನಲ್ಲೇ.

ಕೋಲಾರದಿಂದ ಕಲಬುರಗಿಯವರೆಗೆ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ನಲ್ಲಿ ಒಂದು ತಲೆಮಾರು ಕಲಿತದ್ದು ಟರ್ಬೊ ಸಿ ಎಂಬ ನೀಲಿ ಪರದೆಯ ಮೇಲೆ. ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ಹೊರತಂದ ತಂತ್ರಾಂಶ ಅದು. ಯುನಿಕ್ಸ್ ಲ್ಯಾಬ್‌ಗೆ ಹೋದರೆ ಬಿಲ್ ಜಾಯ್ 1976ರಲ್ಲಿ ಬರೆದ ವಿಐ ಎಡಿಟರ್. ಎರಡರಲ್ಲೂ ಪದ್ಧತಿ ಒಂದೇ: ಇಡೀ ಪ್ರೋಗ್ರಾಮ್ ಬರೆದು ಮುಗಿಸಬೇಕು, ಕಂಪೈಲ್ ಮಾಡಬೇಕು, ತಪ್ಪುಗಳ ಪಟ್ಟಿ ನೋಡಬೇಕು, ಮತ್ತೆ ತಿದ್ದಬೇಕು. ಫಂಕ್ಷನ್‌ಗಳ ಹೆಸರು ಬಾಯಿಪಾಠವಿರಬೇಕು, ಇಲ್ಲವೇ ಪಕ್ಕದಲ್ಲಿ ಪುಸ್ತಕ ತೆರೆದಿರಬೇಕು. ಬರೆಯುತ್ತಿರುವಾಗಲೇ ಎಡಿಟರ್ ಬಾಯಿಬಿಟ್ಟು ಏನನ್ನಾದರೂ ಹೇಳೀತು ಎಂಬ ನಿರೀಕ್ಷೆ ಯಾರಿಗೂ ಇರಲಿಲ್ಲ.

1990ರ ದಶಕದಲ್ಲಿ ವಿಷುವಲ್ ಬೇಸಿಕ್ ಅದನ್ನು ಬದಲಿಸಿತು. ಹೆಸರೊಂದರ ಮುಂದೆ ಚುಕ್ಕಿ ಒತ್ತಿದ ಕೂಡಲೇ ಮುಂದೆ ಏನೇನು ಬರಬಹುದೆಂಬ ಪಟ್ಟಿ ಕಣ್ಣೆದುರು ಇಳಿಯುತ್ತಿತ್ತು. ಜಾವಾ ಬರೆಯುವವರಿಗೆ ಈ ಸೌಕರ್ಯವನ್ನು ಪುಕ್ಕಟೆಯಾಗಿ ಕೊಟ್ಟವುಗಳಲ್ಲಿ ಎಕ್ಲಿಪ್ಸ್ ಒಂದು. ಐಬಿಎಂ ಅದನ್ನು 2001ರ ನವೆಂಬರ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟಿತು. ಅದರ ಜಾವಾ ಭಾಗದ ಹೆಸರು ಜೆಡಿಟಿ. ತೆರೆಯ ಮೇಲಿನ ಕೆಲಸ ಜ್ಯೂರಿಕ್‌ನಲ್ಲಿ ಎರಿಕ್ ಗಾಮಾ ಅವರ ತಂಡದ್ದು; ಒಳಗಿನ ಕಂಪೈಲರ್ ಬೆಳೆದದ್ದು ಫ್ರಾನ್ಸಿನಲ್ಲಿ.

ಚುಕ್ಕಿ ಒತ್ತಿದ ಆ ಕ್ಷಣವನ್ನು ಹತ್ತಿರದಿಂದ ನೋಡಬೇಕು. ಸಾಲು ಅರ್ಧಕ್ಕೆ ನಿಂತಿದೆ, ಕೊನೆಯ ಅರ್ಧವಿರಾಮ ಚಿಹ್ನೆ ಬಿದ್ದಿಲ್ಲ, ಆವರಣವೊಂದು ಮುಚ್ಚಿಲ್ಲ. ವ್ಯಾಕರಣದ ಪ್ರಕಾರ ಪ್ರೋಗ್ರಾಮ್ ಆಗ ಪೂರ್ತಿ ತಪ್ಪು. ಮಾಮೂಲಿ ಕಂಪೈಲರ್‌ಗೆ ಕೊಟ್ಟರೆ ತಪ್ಪೆಂದು ಹೇಳಿ ಕೈ ತೊಳೆದುಕೊಳ್ಳುತ್ತದೆ. ಆದರೆ ಬರೆಯುವವರಿಗೆ ನೆರವು ಬೇಕಾಗುವುದು ಅದೇ ಕ್ಷಣದಲ್ಲಿ. ಹಾಗಾಗಿ ಜೆಡಿಟಿಯ ಕಂಪೈಲರ್ ಮುರುಕು ಕೋಡನ್ನೂ ಓದುವುದನ್ನು ಕಲಿಯಬೇಕಾಯಿತು: ಕರ್ಸರ್ ನಿಂತ ಜಾಗದಲ್ಲಿ ಒಂದು ವಿಶೇಷ ಗುರುತು ನೆಟ್ಟು, ಸುತ್ತಲಿನದನ್ನು ಸಾಧ್ಯವಾದಷ್ಟು ಅರ್ಥಮಾಡಿಕೊಂಡು, ಎಡಗಡೆಯ ವಸ್ತು ಯಾವ ಜಾತಿಯದೆಂದು ಕಂಡುಹಿಡಿದು ಪಟ್ಟಿ ಕೊಡುವುದು.

2010ರ ದಶಕದ ಆರಂಭದಲ್ಲಿ ಈ ಕಂಪೈಲರ್‌ನ ಹೊಣೆಯ ದೊಡ್ಡ ಪಾಲು ಐಬಿಎಂನ ಬೆಂಗಳೂರು ತಂಡದ ಹೆಗಲೇರಿತು. ಆ ಹೊತ್ತಿಗೆ ಜಾವಾ 8ರ ಸಿದ್ಧತೆ ನಡೆದಿತ್ತು. ಅದರಲ್ಲಿ ಲ್ಯಾಂಬ್ಡಾ ಎಂಬ ಹೊಸ ಬರವಣಿಗೆ ಬರುವುದಿತ್ತು: ಹೆಸರಿಲ್ಲದ ಪುಟ್ಟ ಫಂಕ್ಷನ್, ಒಳಗೆ ಬರುವ ವಸ್ತುವಿನ ಜಾತಿಯನ್ನೂ ಬರೆಯಬೇಕಿಲ್ಲ. ಬರೆಯುವವರಿಗೆ ಸುಖ, ಕಂಪೈಲರ್‌ಗೆ ತಲೆನೋವು. ಜಾತಿ ಗೊತ್ತಾಗಬೇಕಾದರೆ ಲ್ಯಾಂಬ್ಡಾವನ್ನು ಸುತ್ತುವರಿದ ಕರೆಯನ್ನು ಬಿಡಿಸಬೇಕು; ಆ ಕರೆಯೇ ಇನ್ನೂ ಬರೆದು ಮುಗಿದಿಲ್ಲ. ಒಂದು ಗೊತ್ತಾಗಲು ಇನ್ನೊಂದು ಬೇಕು, ಇನ್ನೊಂದಕ್ಕೆ ಮೊದಲನೆಯದು ಬೇಕು. ಬೆಂಗಳೂರಿನ ಶ್ರೀಕಾಂತ್ ಶಂಕರನ್ ಮುಂದಾಳಾಗಿದ್ದ ತಂಡವೂ ಜರ್ಮನಿಯ ಸ್ಟೀಫನ್ ಹೆರ್ಮಾನ್ ಅವರೂ ಸೇರಿ ಈ ಗಂಟನ್ನು ಬಿಡಿಸಿದರು. ಜಾವಾ 8 ಬಿಡುಗಡೆಯಾದದ್ದು 2014ರ ಮಾರ್ಚ್ 18ರಂದು. ಜೂನ್‌ನ ಎಕ್ಲಿಪ್ಸ್ ಲೂನಾದಲ್ಲಿ ಅದರ ಬೆಂಬಲ ಒಳಗೊಂಡೇ ಬಂತು. ಬೆಂಗಳೂರೆಂದರೆ ಹೊರಗಿನವರು ಹೇಳಿದ್ದನ್ನು ಬರೆದುಕೊಡುವ ಊರು ಎಂಬ ಮಾತಿಗೆ ಇಷ್ಟು ಸ್ಪಷ್ಟ ಉತ್ತರ ಬೇರೆ ಸಿಗುವುದು ಕಷ್ಟ.

ಇಷ್ಟೆಲ್ಲ ಜಾಣತನ ಎಕ್ಲಿಪ್ಸ್‌ನ ಗೋಡೆಯೊಳಗೇ ಇತ್ತು. ವಿಐ ವಂಶದ ವಿಮ್ ಎಡಿಟರ್ ಬಳಸುವವರಿಗೆ, ಇಮ್ಯಾಕ್ಸ್ ಎಡಿಟರ್ ಬಳಸುವವರಿಗೆ ಅದು ಸುಲಭಕ್ಕೆ ದಕ್ಕುತ್ತಿರಲಿಲ್ಲ. ಹತ್ತು ಭಾಷೆ, ಹತ್ತು ಎಡಿಟರ್ ಇದ್ದರೆ ನೂರು ಜೋಡಣೆ ಬರೆಯಬೇಕಿತ್ತು. 2016ರ ಜೂನ್ 27ರಂದು ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಕಂಪನಿಗಳು ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಎಂಬ ಒಪ್ಪಂದವನ್ನು ಮುಂದಿಟ್ಟವು. ಭಾಷೆ ಬಲ್ಲ ಭಾಗ ಬೇರೆ ಪ್ರೋಗ್ರಾಮ್ ಆಗಿ ಹಿನ್ನೆಲೆಯಲ್ಲಿ ಓಡಲಿ, ಅದೇ ಸರ್ವರ್. ಎಡಿಟರ್ ಅದರೊಂದಿಗೆ ಜೇಸನ್ ರೂಪದ ಸಂದೇಶಗಳಲ್ಲಿ ಮಾತಾಡಲಿ. ಕಡತ ತೆರೆದೆ, ಈ ಸಾಲಿನ ಈ ಜಾಗದಲ್ಲಿ ಅಕ್ಷರ ಬದಲಾಯಿತು, ಇಲ್ಲಿ ಏನು ಬರಬಹುದು ಹೇಳು ಎಂದು ಎಡಿಟರ್ ತಿಳಿಸುತ್ತದೆ. ಪಟ್ಟಿ, ತಪ್ಪುಗಳು, ವ್ಯಾಖ್ಯೆಯಿರುವ ಜಾಗ ಸರ್ವರ್‌ನಿಂದ ಬರುತ್ತವೆ. ನೂರು ಜೋಡಣೆಯ ಜಾಗದಲ್ಲಿ ಇಪ್ಪತ್ತು ಸಾಕಾಯಿತು. ಈ ಪದ್ಧತಿ ಮೊದಲು ಬೇರೂರಿದ ವಿಎಸ್ ಕೋಡ್ ಎಡಿಟರ್‌ನ ಮುಂದಾಳಾಗಿದ್ದವರು ಅದೇ ಎರಿಕ್ ಗಾಮಾ. 2011ರಲ್ಲೇ ಅವರು ಮೈಕ್ರೋಸಾಫ್ಟ್ ಸೇರಿದ್ದರು.

2016ರಲ್ಲೇ ರೆಡ್ ಹ್ಯಾಟ್ ಜಾವಾ ಸರ್ವರ್ ಕಟ್ಟಲು ಹೊರಟಾಗ ಹೊಸ ಕಂಪೈಲರ್ ಬರೆಯಲಿಲ್ಲ; ಜೆಡಿಟಿಯನ್ನೇ ತೆರೆಯಿಲ್ಲದೆ ಓಡಿಸಿತು. ಇಂದು ವಿಎಸ್ ಕೋಡ್‌ನಲ್ಲಿ ರೆಡ್ ಹ್ಯಾಟ್‌ನ ಜಾವಾ ಎಕ್ಸ್‌ಟೆನ್ಷನ್ ಹಾಕಿಕೊಂಡು ಲ್ಯಾಂಬ್ಡಾದೊಳಗೆ ಚುಕ್ಕಿ ಒತ್ತಿದರೆ ಉತ್ತರ ಕೊಡುವುದು ಬೆಂಗಳೂರಿನ ಕೈ ಬಿದ್ದ ಅದೇ ಕಂಪೈಲರ್. 2021ರಲ್ಲಿ ನಿಯೊವಿಮ್, 2023ರಲ್ಲಿ ಇಮ್ಯಾಕ್ಸ್ ಈ ಪ್ರೋಟೋಕಾಲನ್ನು ತಮ್ಮೊಳಗೇ ಸೇರಿಸಿಕೊಂಡವು. 1976ರ ವಿಐ ಎಡಿಟರ್‌ನ ವಂಶದ ಕುಡಿಗೂ ಹೀಗೆ ಬಾಯಿ ಬಂತು.

ಕನ್ನಡಕ್ಕೆ ಇಲ್ಲೊಂದು ಸೂಕ್ಷ್ಮವಿದೆ. ಶ್ರೀನಿವಾಸಪುರದ ಮಂಡಿಗೆ ಬರುವ ಮಾವಿನ ಲೆಕ್ಕಕ್ಕೊಂದು ಪ್ರೋಗ್ರಾಮ್, ಅದರಲ್ಲಿ ಊರಿನ ಹೆಸರಾಗಿ ಯಲ್ದೂರು ಎಂದಿದೆಯೆನ್ನಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ: ಯ, ಲ್ದೂ, ರು. ಯೂನಿಕೋಡ್‌ನ ಲೆಕ್ಕದಲ್ಲಿ ಹಲಂತ ಚಿಹ್ನೆ, ಸ್ವರಚಿಹ್ನೆ ಸೇರಿ ಏಳು. ಕಡತ ಯುಟಿಎಫ್-8ರಲ್ಲಿದ್ದರೆ ಡಿಸ್ಕಿನ ಮೇಲೆ 21 ಬೈಟ್. ಪ್ರೋಟೋಕಾಲ್ ಜಾಗವನ್ನು ಎಣಿಸುವುದು ಯುಟಿಎಫ್-16ರ ಘಟಕಗಳಲ್ಲಿ, ಆದ್ದರಿಂದ ಅದಕ್ಕೆ ಯಲ್ದೂರು ಏಳು. ಜಾವಾವೂ ವಿಎಸ್ ಕೋಡ್ ಬರೆದ ಭಾಷೆಯೂ ಮೂಲದಿಂದ ಎಣಿಸುವುದು ಹೀಗೆಯೇ. ಸರ್ವರ್ ಮರೆತು ಬೈಟ್ ಎಣಿಸಿದರೆ ಆ ಸಾಲಿನಲ್ಲಿ ಮುಂದೆ ಬರುವ ತಪ್ಪಿನ ಕೆಂಪು ಗೆರೆ 14 ಜಾಗ ಆಚೆ ಬೀಳುತ್ತದೆ. ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಕೋಡಿನಲ್ಲಿ ಈ ದೋಷ ತಲೆ ಎತ್ತುವುದೇ ಇಲ್ಲ. ಯುಟಿಎಫ್-8ರಲ್ಲೇ ಕೆಲಸ ಮಾಡುವ ಸರ್ವರ್‌ಗಳ ಲೇಖಕರು ಈ ಎಣಿಕೆಯ ಬಗ್ಗೆ ವರ್ಷಗಟ್ಟಲೆ ತಕರಾರು ಮಾಡಿದರು. 2022ರ 3.17ನೇ ಆವೃತ್ತಿಯಲ್ಲಿ ಎಡಿಟರ್ ಮತ್ತು ಸರ್ವರ್ ಮೊದಲ ಮಾತುಕತೆಯಲ್ಲೇ ಎಣಿಕೆಯ ಕ್ರಮ ಗೊತ್ತುಮಾಡಿಕೊಳ್ಳಲು ಅವಕಾಶ ಸಿಕ್ಕಿತು. ಬೇರೆ ಮಾತಾಗದಿದ್ದರೆ ಈಗಲೂ ನಡೆಯುವುದು ಹಳೆಯ ಲೆಕ್ಕವೇ, ಅಂದರೆ ಯಲ್ದೂರಿಗೆ ಏಳು.