ದೇವನಹಳ್ಳಿ ಕೋಟೆ, ಇಪ್ಪತ್ತು ಮುಖದ ದಾಳ: ಆಟ ನಡೆಸೋರ ಹಿಸ್ಟರಿ

1/6
ದೇವನಹಳ್ಳಿ ಕೋಟೆ ಬಾಗಿಲ ಹತ್ರ ಫೋಟೊ ತೆಗೆಸಿಕೊಳ್ಳದವರು ನಮ್ಮ ಕ್ಲಾಸಲ್ಲಿ ಯಾರಾದ್ರೂ ಇದೀರಾ? ಈ ವಾರದ ಸೀರೀಸ್ ಅದೇ ಕೋಟೆ ಬಗ್ಗೆ, ಆದರೆ ಸ್ವಲ್ಪ ಸುತ್ತಿಕೊಂಡು ಹೋಗೋಣ.

ಭಾನುವಾರ ನಾವು ಆಡೋ ಟೇಬಲ್‌ಟಾಪ್ ರೋಲ್ ಪ್ಲೇ ಆಟದ ಸ್ಟೋರಿ ನೋಡಿ ತುಂಬ ಜನ ಕೇಳಿದ್ರಿ: "ಗೇಮ್ ಮಾಸ್ಟರ್ ಅಂದ್ರೆ ಯಾರು? ಕಥೆ ಬರ್ಕೊಂಡು ಬಂದು ಓದ್ತಾರಾ?" ಇಲ್ಲ. ಐದಾರು ಜನ ಮೇಜಿನ ಸುತ್ತ ಕೂರ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಗೇಮ್ ಮಾಸ್ಟರ್ ಸನ್ನಿವೇಶ ಹೇಳಿ "ಈಗ ನೀನು ಏನು ಮಾಡ್ತೀಯ?" ಅಂತ ಕೇಳ್ತಾರೆ. ಉತ್ತರ ಏನೇ ಬರಲಿ, ಅದರಿಂದ ಏನಾಗುತ್ತೆ ಅಂತ ಅವರೇ ತೀರ್ಮಾನಿಸಬೇಕು. ಎರಡೂ ಆಗಬಹುದು ಅನ್ನಿಸಿದಾಗ ದಾಳ ಉರುಳಿಸ್ತಾರೆ. ಅದೇ ಪಾತ್ರಗಳು ತಿಂಗಳುಗಟ್ಟಲೆ ಮುಂದುವರಿದರೆ ಅದು ಕ್ಯಾಂಪೇನ್.

ಈ ಕೆಲಸ ಹುಟ್ಟಿದ್ದು ಎಲ್ಲಿ?

2/6
ಆಶ್ಚರ್ಯ ಆಗಬಹುದು, ಇದರ ಬೇರು ಸೈನ್ಯದಲ್ಲಿದೆ. 1812ರಲ್ಲಿ ಪ್ರಷ್ಯಾದ ರಾಜನಿಗೆ ರೈಸ್ವಿಟ್ಜ್ ಅನ್ನೋರು ಒಂದು ಯುದ್ಧದ ಆಟ ಮಾಡಿಕೊಟ್ಟರು. ಅವರ ಮಗ ಅದನ್ನ ತಿದ್ದಿ 1824ರಲ್ಲಿ ಪುಸ್ತಕವಾಗಿ ತಂದರು. ಹೆಸರು 'ಕ್ರೀಗ್‌ಸ್ಪೀಲ್', ಅಂದರೆ ಯುದ್ಧದಾಟ. ಎರಡು ಪಕ್ಷದವರು ತಮ್ಮ ಆಜ್ಞೆಗಳನ್ನ ತೀರ್ಪುಗಾರನಿಗೆ ಕೊಡಬೇಕು. ಎದುರಾಳಿ ಎಲ್ಲಿದ್ದಾನೆ ಅಂತ ಪೂರ್ತಿ ಗೊತ್ತಿರೋದು ಆ ತೀರ್ಪುಗಾರನಿಗೆ ಮಾತ್ರ.

ಕಷ್ಟ ಏನಂದ್ರೆ ನಿಯಮಗಳು ವಿಪರೀತ. ಪಟ್ಟಿ ನೋಡೋದರಲ್ಲೇ ಆಟ ನಿಂತುಹೋಗ್ತಿತ್ತು. 1876ರಲ್ಲಿ ವೆರ್ಡಿ ದು ವೆರ್ನ್ವಾ ಅನ್ನೋ ಅಧಿಕಾರಿ ಒಂದು ದಾರಿ ತೋರಿಸಿದರು: ಪಟ್ಟಿಗಳನ್ನ ಪಕ್ಕಕ್ಕಿಡಿ, ಅನುಭವ ಇರೋ ತೀರ್ಪುಗಾರ ವಿವೇಚನೆಯಿಂದ ಹೇಳಲಿ. ಗೇಮ್ ಮಾಸ್ಟರ್‌ಗೆ ಬೀಜ ಬಿದ್ದಿದ್ದು ಇಲ್ಲಿ.

3/6
ಮುಂದಿನ ತಿರುವು ಅಮೆರಿಕದಲ್ಲಿ. 1969ರಲ್ಲಿ ಮಿನೆಸೋಟಾದ ಡೇವಿಡ್ ವೆಸ್ಲಿ ತಮ್ಮ ಯುದ್ಧದಾಟದ ಗುಂಪಿಗೆ 'ಬ್ರೌನ್‌ಸ್ಟೈನ್' ಅನ್ನೋ ಕಲ್ಪಿತ ಊರು ಕಟ್ಟಿದರು. ಸೇನಾಪತಿಗಳ ಜೊತೆಗೆ ಊರಿನ ಮೇಯರ್, ಬ್ಯಾಂಕರ್ ಥರದ ಪಾತ್ರಗಳನ್ನೂ ಹಂಚಿದರು. ಆಟಗಾರರು ಸೈನ್ಯ ನಡೆಸೋದು ಬಿಟ್ಟು ಗುಂಪುಗುಂಪಾಗಿ ಪಿಸುಮಾತು, ಒಳಸಂಚು ಶುರು ಮಾಡಿದರು. ಆಟ ಕೆಟ್ಟುಹೋಯ್ತು ಅಂತ ವೆಸ್ಲಿಗೆ ಅನ್ನಿಸಿತು. ಆಡಿದವರು ಮಾತ್ರ "ಇನ್ನೊಂದು ಸಲ!" ಅಂದರು.

ಆ ಗುಂಪಿನ ಡೇವ್ ಆರ್ನೆಸನ್ ಇದನ್ನ ಮಾಟ ಮಂತ್ರದ ಲೋಕಕ್ಕೆ ಒಯ್ದು 'ಬ್ಲ್ಯಾಕ್‌ಮೂರ್' ಕ್ಯಾಂಪೇನ್ ನಡೆಸಿದರು. ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ ಅವರು ಬರೆದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' 1974ರಲ್ಲಿ ಬಂತು. ಮೊದಲ ಮುದ್ರಣ 1,000 ಪ್ರತಿ, ಪೆಟ್ಟಿಗೆಯೊಳಗೆ ಮೂರು ಸಣ್ಣ ಪುಸ್ತಕ. ಅದರಲ್ಲಿ ಆಟ ನಡೆಸೋರನ್ನ ಕರೆದಿದ್ದು ರೆಫರಿ ಅಂತಲೇ. 'ಡಂಜನ್ ಮಾಸ್ಟರ್' ಅನ್ನೋ ಹೆಸರು ಅಂಟಿಕೊಂಡಿದ್ದು ಆಮೇಲೆ.

4/6
ಹಾಗಾದ್ರೆ ಇದು ಪೂರ್ತಿ ಹೊರಗಿನ ಕೆಲಸವಾ? ನಮ್ಮ ಕಡೆ ಊರಹಬ್ಬಕ್ಕೆ 'ಕುರುಕ್ಷೇತ್ರ' ನಾಟಕ ಆಡೋದು ನೀವು ನೋಡಿರ್ತೀರ. ರೈತರು, ಅಂಗಡಿಯವರು ತಾವೇ ದುಡ್ಡು ಹಾಕಿ ಪಾರ್ಟು ತಗೋತಾರೆ. ಹಾರ್ಮೋನಿಯಂ ಮೇಷ್ಟ್ರು ತಾಲೀಮು ಕೊಟ್ಟು, ಆ ರಾತ್ರಿ ಪಕ್ಕದಲ್ಲೇ ಕೂತು ಶ್ರುತಿ ಹಿಡಿದು, ದುರ್ಯೋಧನ ಮಾತು ಮರೆತರೆ ಎತ್ತಿಕೊಡ್ತಾರೆ. ಇಲ್ಲಿ ಕಥೆನೂ ಮೊದಲೇ ಗಟ್ಟಿ, ಮಾತೂ ಗಟ್ಟಿ.

ಕರಾವಳಿ, ಕಾಸರಗೋಡಿನ ಕಡೆ ತಾಳಮದ್ದಳೆ ಇದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡ್ತಾರೆ. ಮಾತನ್ನ ಯಾರೂ ಬರೆದುಕೊಟ್ಟಿರಲ್ಲ, ಅಲ್ಲೇ ಹುಟ್ಟಬೇಕು. ವಾಲಿ ಸಾಯ್ತಾನೆ ಅಂತ ಸಭೆಗೆಲ್ಲ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ ವಾಲಿಯಾದರೆ ರಾಮನಿಗೆ ಏನು ಪ್ರಶ್ನೆ ಹಾಕ್ತಾರೆ ಅಂತ ಕೇಳೋಕೆ ಜನ ಬರ್ತಿದ್ರು. ಇಲ್ಲಿ ಕಥೆ ಗಟ್ಟಿ, ಮಾತು ಬಿಡುಗಡೆ.

ನಮ್ಮ ದಾಳದ ಆಟದಲ್ಲಿ ಎರಡೂ ಬಿಡುಗಡೆ. ಏನನ್ನ ಹಿಡ್ಕೋಬೇಕು, ಏನನ್ನ ಬಿಡಬೇಕು ಅನ್ನೋದೇ ಗೇಮ್ ಮಾಸ್ಟರ್ ತಲೆನೋವು.

5/6
ಈಗ ಕೋಟೆಗೆ ಬರೋಣ. ನಮ್ಮ ಈಗಿನ ಕ್ಯಾಂಪೇನ್ ನಡೀತಿರೋದು 1749ರ ದೇವನಹಳ್ಳಿಯಲ್ಲಿ.

ಗೊತ್ತಿರೋದಿಷ್ಟು: 1501ರಲ್ಲಿ ಆವತಿ ಮನೆತನದ ಮಲ್ಲಬೈರೇಗೌಡ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. 1749ರಲ್ಲಿ ಮೈಸೂರಿನ ನಂಜರಾಜಯ್ಯನ ಸೈನ್ಯ ಮುತ್ತಿಗೆ ಹಾಕಿ ಅದನ್ನ ಗೆದ್ದಿತು. ಆ ಸೈನ್ಯದಲ್ಲಿ ಹೈದರ್ ಅಲಿ ಅನ್ನೋ ಸವಾರ ಮೆಚ್ಚುಗೆ ಗಳಿಸಿದ, 50 ಕುದುರೆ ಸವಾರರು, 200 ಕಾಲಾಳುಗಳ ಮುಖ್ಯಸ್ಥನಾದ. ಟಿಪ್ಪು ಹುಟ್ಟಿದ್ದು ಅದಾದ ಮೇಲೆ, ಇದೇ ಊರಲ್ಲಿ. ನಾವು ಫೋಟೊ ತೆಗೆಯೋ ಕಲ್ಲಿನ ಗೋಡೆ ಅಪ್ಪ ಮಗನ ಕಾಲದ್ದು. 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಅದನ್ನೂ ಹಿಡೀತು.

ಅಂದ್ರೆ ನಮ್ಮ ಆಟದಲ್ಲಿ ಕಲ್ಲಿನ ಗೋಡೆ ಇರಬಾರದು, ಮಣ್ಣಿನ ಗೋಡೆ ಇರಬೇಕು. ಹೈದರ್‌ನನ್ನ ನವಾಬ ಅಂತ ಯಾರೂ ಕರೀಬಾರದು. ಅವನಿನ್ನೂ ನೂರಾರು ಸವಾರರಲ್ಲಿ ಒಬ್ಬ.

6/6
ನಮ್ಮ ಆಟಗಾರರ ಪಾತ್ರಗಳು ಎಲ್ಲಾ ಕಲ್ಪನೆಯವೇ: ಕುಂಬಾರ, ದೇವಸ್ಥಾನದ ಅಡುಗೆಯವರು, ಕೋಟೆ ಒಳಗಿನ ಸೂಲಗಿತ್ತಿ, ಕೂಲಿಗೆ ಬಂದ ಬಂಡಿಯವನು. ಒಬ್ಬ ಗೆಳತಿ ನೇರವಾಗಿ ಕೇಳಿದಳು: "ಕೋಟೆ ಬೀಳೋದು ಗ್ಯಾರಂಟಿ ಅಂದ್ಮೇಲೆ ನಾವು ಯಾಕೆ ದಾಳ ಹಾಕಬೇಕು?"

ಅದಕ್ಕೆ ತಾಳಮದ್ದಳೆಯಿಂದ ಉತ್ತರ ಸಾಲ ತಗೊಂಡೆ. ಕೋಟೆ ಬೀಳುತ್ತೆ, ಅದನ್ನ ಬದಲಾಯಿಸಲ್ಲ. ಆದರೆ ಬಾವಿ ನೀರು ಕಡಿಮೆಯಾದಾಗ ಯಾರಿಗೆ ಮೊದಲು ಕೊಡೋದು, ಕತ್ತಲಲ್ಲಿ ಮಕ್ಕಳನ್ನ ಹೊರಗೆ ಸಾಗಿಸೋದಾ, ಬಾಗಿಲು ತೆಗೆಯೋಕೆ ಲಂಚ ಬಂದರೆ ತಗೊಳ್ಳೋದಾ, ಇದೆಲ್ಲ ಅವರ ಕೈಯಲ್ಲಿದೆ. ಇಂಥವರು ಏನು ಮಾಡಿದರು ಅಂತ ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ. ಆಟದಲ್ಲಿ ಹುಟ್ಟಿದ್ದನ್ನ ಇತಿಹಾಸ ಅಂತ ಹೇಳಿಕೊಳ್ಳೋದೂ ಇಲ್ಲ. ಪ್ರತಿ ಭಾನುವಾರ ಕೊನೆಗೆ ಯಾವುದು ಗೊತ್ತಿರೋದು, ಯಾವುದು ನಾವು ಕಟ್ಟಿದ್ದು ಅಂತ ಬೇರೆ ಬೇರೆ ಬರೆದಿಡ್ತೀವಿ.

ಪರೀಕ್ಷೆಗೆ ಓದುವಾಗ ನಮಗೆ ಕೊನೆ ಗೊತ್ತಿರುತ್ತೆ, ಅದಕ್ಕೇ ಎಲ್ಲ ಹಾಗೇ ಆಗಬೇಕಿತ್ತು ಅನ್ನಿಸುತ್ತೆ. ಮುತ್ತಿಗೆ ಒಳಗಿದ್ದವರಿಗೆ ನಾಳೆ ಬೆಳಗ್ಗೆ ಏನಾಗುತ್ತೆ ಅಂತಲೂ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರೋದನ್ನ ಮೇಜಿನ ಮೇಲೆ ಜೀವಂತ ಇಡೋದೇ ಆಟ ನಡೆಸೋರ ಕೆಲಸ.

ಈಗ ನಿಮ್ಮ ಸರದಿ: ಮುತ್ತಿಗೆ ಬಿದ್ದಿರೋ ಕೋಟೆಯೊಳಗೆ ನೀವು ಯಾರ ಪಾರ್ಟು ತಗೋತೀರ? ರಾಜ, ಸೇನಾಪತಿ ಬಿಟ್ಟು ಹೇಳಿ 👇

#ದೇವನಹಳ್ಳಿ #ನಮ್ಮೂರಹಿಸ್ಟರಿ #ತಾಳಮದ್ದಳೆ #ಗೇಮ್‌ಮಾಸ್ಟರ್