ಸೊನ್ನಲಿಗೆಯ ಸಿದ್ಧರಾಮ ಮತ್ತು ಧಾರವಾಡದ ಪಾದ್ರಿ



ಸಂಕ್ರಾಂತಿ ಬಂತೆಂದರೆ ನಮ್ಮ ಸೋಲಾಪುರದಲ್ಲಿ ಗಡ್ಡಾ ಜಾತ್ರೆ. ಬಿಳಿ ಬಾರಾಬಂದಿ ತೊಟ್ಟವರು ನಂದಿಧ್ವಜ ಹೊತ್ತು ಸಾಗುವುದನ್ನು ನೋಡಲು ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಹಳ್ಳಿಗಳಿಂದ ಜನ ಹರಿದು ಬರುತ್ತಾರೆ. ನಮ್ಮ ಶಾಲೆಯ ಮಕ್ಕಳಂತೂ ವಾರ ಮೊದಲೇ ಜಾತ್ರೆಯ ಗುಂಗಿನಲ್ಲಿರುತ್ತಾರೆ. ಸಿದ್ಧರಾಮೇಶ್ವರರು ಯಾರು ಎಂದು ಕೇಳಿದರೆ 'ಕೆರೆ ಕಟ್ಟಿಸಿದವರು ಸರ್' ಎಂದು ಥಟ್ಟನೆ ಹೇಳುತ್ತಾರೆ. ಆದರೆ ಅವರ ವಚನಗಳನ್ನು ಕೂಡಿಸಿ ಪುಸ್ತಕ ಮಾಡಿದವರಲ್ಲಿ ಒಬ್ಬರು ಕ್ರೈಸ್ತ ಪಾದ್ರಿಗಳು ಎಂದಾಗ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಹುಬ್ಬೇರಿಸುತ್ತಾರೆ.

ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು.

ಅವರನ್ನು ತಿಳಿಯಬೇಕಾದರೆ ಮೊದಲು ಬಾಸೆಲ್ ಮಿಷನ್ನಿನ ವಿಷಯ ಸ್ವಲ್ಪ ತಿಳಿಯಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಈ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಧರ್ಮಪ್ರಚಾರವೇ ಅವರ ಉದ್ದೇಶವಾಗಿತ್ತು, ಅದನ್ನು ಮುಚ್ಚಿಡುವುದು ಬೇಡ. ಆದರೆ ಹಳ್ಳಿಯ ಜನರ ನಡುವೆ ಬದುಕಬೇಕಾದರೆ ಜನರ ಮಾತು ಬೇಕು, ಮಕ್ಕಳಿಗೆ ಶಾಲೆ ಬೇಕು, ಕೈಗೆ ಕೆಲಸ ಬೇಕು. ಹೀಗಾಗಿ ಶಾಲೆಗಳು ಬಂದವು, ಮಗ್ಗಗಳು ಬಂದವು, ಹೆಂಚಿನ ಕಾರ್ಖಾನೆ ಬಂತು, ಅಚ್ಚುಕೂಟ ಬಂತು. 1843ರಲ್ಲಿ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದರು. 1853ರಲ್ಲಿ ಬಂದ ಕಿಟ್ಟೆಲ್ ಅವರು ಹತ್ತಾರು ವರ್ಷ ದುಡಿದು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಇಂದಿಗೂ ಒಂದು ಶಬ್ದದ ಬಗ್ಗೆ ಸಂಶಯ ಬಂದರೆ ವಿದ್ವಾಂಸರು ಅದನ್ನೇ ತೆರೆಯುತ್ತಾರೆ!

ಅವರು ಹೊರಗಿನಿಂದ ಬಂದವರು. ಚನ್ನಪ್ಪನವರು ಈ ಮಣ್ಣಿನವರೇ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಮಂಗಳೂರಿನಲ್ಲಿ ದೇವಜ್ಞಾನ ಕಲಿತು ಬಾಸೆಲ್ ಮಿಷನ್ನಿನ ಪಾದ್ರಿಯಾದರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳು ಕೆಲಸ ಬಿಟ್ಟು ಹೋಗಬೇಕಾದಾಗ ಸಭೆಗಳ ಹೊಣೆ ಇಲ್ಲಿನವರ ಹೆಗಲಿಗೆ ಬಂತು. ಅಂಥ ಕಾಲದ ಪಾದ್ರಿ ಅವರು.

ಪಾದ್ರಿಗೆ ಊರೂರು ತಿರುಗುವುದು ತಪ್ಪದು. ಊರಿನಲ್ಲಿ ಕಟ್ಟೆಯ ಮೇಲೆ ಕುಳಿತ ರೈತ ಮಾತಿಗೊಂದು ಸರ್ವಜ್ಞನ ಪದ ಹೇಳುತ್ತಾನೆ. ಹೊಲದಲ್ಲಿ, ಸಂತೆಯಲ್ಲಿ, ನ್ಯಾಯಪಂಚಾಯತಿಯಲ್ಲಿ ಎಲ್ಲೆಡೆ ಸರ್ವಜ್ಞ! ಬೋಧನೆ ಮಾಡಲು ಹೋದವರು ಕೇಳಲು ಕಲಿಯಬೇಕಲ್ಲವೆ? ಚನ್ನಪ್ಪನವರು ಕೇಳಿದರು, ಬರೆದುಕೊಂಡರು. ಓಲೆಗರಿ ಇದ್ದಲ್ಲಿ ಹುಡುಕಿ ಪಾಠ ಕೂಡಿಸಿದರು. ತೆಲುಗಿನ ವೇಮನನ ಪದ್ಯಗಳನ್ನು ಬ್ರೌನ್ ಸಾಹೇಬರು 1829ರಲ್ಲೇ ಅಚ್ಚು ಮಾಡಿಸಿದ್ದರು. ನಮ್ಮ ಸರ್ವಜ್ಞನಿಗೆ ಅಷ್ಟು ದೊಡ್ಡ ಸಂಗ್ರಹ ಸಿಗಲು 1924 ಬರಬೇಕಾಯಿತು. ಸಾವಿರಕ್ಕೂ ಮಿಕ್ಕ ಪದಗಳ ಆ ಪುಸ್ತಕ ಉತ್ತಂಗಿಯವರದು. ಇವತ್ತು ನಾವು ಪಾಠಪುಸ್ತಕದಲ್ಲಿ ಸರ್ವಜ್ಞನ ತ್ರಿಪದಿ ಕಲಿಸುವುದರ ಹಿಂದೆ ಆ ಪಾದ್ರಿಯ ಕಾಲುನಡಿಗೆ ಇದೆ.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಶರಣರ ವಚನಗಳತ್ತ ಹೊರಳಿದರು. ಮೋಳಿಗೆ ಮಾರಯ್ಯ ಮತ್ತು ಮಹಾದೇವಿಯರ ವಚನಗಳನ್ನು ಸಂಪಾದಿಸಿದರು. ಅನುಭವ ಮಂಟಪ ಬರೀ ಕಲ್ಪನೆ ಎಂದು ವಾದಿಸುವವರಿದ್ದ ಕಾಲದಲ್ಲಿ ಅದು ಐತಿಹಾಸಿಕ ಎಂದು ಪುಸ್ತಕವನ್ನೇ ಬರೆದರು. ಮುಂದೆ ನಮ್ಮ ಊರಿನ ದೈವದ ಕಡೆಗೆ ಬಂದು 'ಸಿದ್ಧರಾಮ ಸಾಹಿತ್ಯ ಸಂಗ್ರಹ'ದ ಸಂಪಾದನೆಯಲ್ಲಿ ದುಡಿದರು. ಕೆರೆ ತೋಡಿ, ನೀರು ನಿಲ್ಲಿಸಿ, ಅದನ್ನೇ ಪೂಜೆ ಎಂದ ಕಾಯಕಯೋಗಿ ಸಿದ್ಧರಾಮ. ನೆರೆಯವನ ಸೇವೆಯೇ ದೇವರ ಸೇವೆ ಎಂದು ಬೈಬಲ್ಲಿನಿಂದ ಕಲಿತ ಪಾದ್ರಿಗೆ ಇವರು ಬೇರೆಯವರಾಗಿ ಕಾಣಲಿಲ್ಲವೆಂದೇ ನಮಗೆ ಅನಿಸುತ್ತದೆ. ಅವರು ಯೇಸುವನ್ನು ಬಿಡಲಿಲ್ಲ, ಶರಣರನ್ನು ದೂರ ಮಾಡಲಿಲ್ಲ.

ಕನ್ನಡ ನಾಡು ಅವರನ್ನು ಗುರುತಿಸಿತು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮರುವರ್ಷ 1950ರ ಸಮ್ಮೇಳನ ನಡೆದದ್ದು ಎಲ್ಲಿ ಗೊತ್ತೆ? ನಮ್ಮ ಸೋಲಾಪುರದಲ್ಲಿ! ಅದಕ್ಕೆ ಎಂ.ಆರ್. ಶ್ರೀನಿವಾಸಮೂರ್ತಿಯವರು ಅಧ್ಯಕ್ಷರು. ಚನ್ನಪ್ಪನವರು 1962ರಲ್ಲಿ ತೀರಿಕೊಂಡರು. 'ತಿರುಳ್ಗನ್ನಡದ ತಿರುಕ' ಎಂಬ ಹೆಸರು ಉಳಿಯಿತು.

ಇನ್ನೊಂದು ಮುಖವನ್ನೂ ಹೇಳದಿದ್ದರೆ ಇತಿಹಾಸಕ್ಕೆ ನ್ಯಾಯವಾಗದು. ಸೋಲಾಪುರದಲ್ಲಿ ಕೆಲಸ ಮಾಡಿದ್ದು ಅಮೇರಿಕನ್ ಮರಾಠಿ ಮಿಷನ್. ಅವರ ಕೆಲಸ ಹೆಚ್ಚಾಗಿ ಮರಾಠಿಯಲ್ಲಿ. ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು ಅವರ ಹಿರಿಮೆ. ಆದರೆ 1871ರ ಕಾಯ್ದೆ ಕೆಲವು ಅಲೆಮಾರಿ ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದಿತು. ಅಂಥವರನ್ನು ತಂತಿಬೇಲಿಯೊಳಗೆ ಇಟ್ಟು ಹಾಜರಿ ಹಾಕಿಸುತ್ತಿದ್ದ ಇಲ್ಲಿನ ಸೆಟಲ್‌ಮೆಂಟನ್ನೂ ಸರಕಾರದ ಪರವಾಗಿ ಅದೇ ಮಿಷನ್ ನಡೆಸಿತು. 1952ರಲ್ಲಿ ಆ ಕಾಯ್ದೆ ರದ್ದಾಯಿತು, ಆದರೆ ಸೆಟಲ್‌ಮೆಂಟ್ ಎಂಬ ಹೆಸರು ಊರಿನಲ್ಲಿ ಉಳಿದುಬಿಟ್ಟಿತು. ಬೇಲಿಯೊಳಗೂ ಶಾಲೆ ಇರಬಹುದು, ಔಷಧ ಇರಬಹುದು. ಆದರೆ ಬೇಲಿ ಬೇಲಿಯೇ. ಸೇವೆ ಮಾಡುವವನು ಜನರನ್ನು ನಂಬಬೇಕು, ಅವರ ಮಾತಿಗೆ ಕಿವಿ ಕೊಡಬೇಕು. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಉತ್ತಂಗಿಯವರ ದೊಡ್ಡತನ ತಿಳಿಯುತ್ತದೆ.

ಗಡಿಯಾಚೆ ಕನ್ನಡ ಕಲಿಸುವ ನಮಗೆ ಇದರಲ್ಲಿ ದೊಡ್ಡ ಪಾಠವಿದೆ. ನಮ್ಮ ವರ್ಗದಲ್ಲಿ ಲಿಂಗಾಯತರ ಮಕ್ಕಳಿದ್ದಾರೆ, ಕುರುಬರ, ಮುಸಲ್ಮಾನರ, ದಲಿತರ ಮಕ್ಕಳಿದ್ದಾರೆ. ಮನೆಯಲ್ಲಿ ಮರಾಠಿ ಆಡುವವರೂ ಇದ್ದಾರೆ. ಕನ್ನಡ ಒಂದು ಜಾತಿಯ, ಒಂದು ಧರ್ಮದ ಭಾಷೆ ಎಂಬ ಭಾವನೆ ಮಕ್ಕಳಲ್ಲಿ ಹುಟ್ಟಿದರೆ ನಮ್ಮ ಶಾಲೆಗಳು ಒಂದೊಂದಾಗಿ ಖಾಲಿಯಾಗುತ್ತವೆ. ಪಟ ಕಡಿಮೆಯಾಗುವ ಚಿಂತೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಸಲ ಗಡ್ಡಾ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಕೆರೆಯ ದಂಡೆಯ ಮೇಲೆ ಐದು ನಿಮಿಷ ಕೂಡಿಸಿ, ಸಿದ್ಧರಾಮನ ಕಥೆಯ ಜೊತೆಗೆ ಈ ಪಾದ್ರಿಯ ಕಥೆಯನ್ನೂ ಹೇಳೋಣ. ಏನಂತೀರಿ?