ವಿಕಿರಣ ಅಲಾರಂ: ಸದ್ದು ಬಂದರಷ್ಟೇ ಸಾಲದು

ಉಕ್ಕಿನ ಕೊಳವೆಗಳನ್ನು ಬೆಸೆದ ಜಾಗದಲ್ಲಿ ಬಿರುಕು, ಗಾಳಿಗುಳ್ಳೆ ಉಳಿದಿವೆಯೇ ಎಂಬುದನ್ನು ಕೊಳವೆಯನ್ನು ಕೊಯ್ಯದೆ ತಿಳಿಯುವ ವಿಧಾನಕ್ಕೆ ಕೈಗಾರಿಕಾ ರೇಡಿಯೋಗ್ರಫಿ ಎಂದು ಹೆಸರು. ಆಸ್ಪತ್ರೆಯಲ್ಲಿ ಮೂಳೆಯ ಎಕ್ಸ್-ರೇ ತೆಗೆಯುವ ತತ್ತ್ವವೇ ಇಲ್ಲಿಯದೂ ಆಗಿದೆ. ಆದರೆ ದಪ್ಪ ಉಕ್ಕನ್ನು ಹಾಯಬೇಕಾಗಿರುವುದರಿಂದ ಇಲ್ಲಿ ಬಳಸುವ ಕಿರಣಗಳು ಬಹಳ ಪ್ರಬಲವಾದವು. ಮಂಗಳೂರಿನ ತೈಲ ಶುದ್ಧೀಕರಣಾಗಾರದಂಥ ಘಟಕಗಳಲ್ಲಿ, ದಾಭೋಳ-ಬೆಂಗಳೂರು ಅನಿಲ ಕೊಳವೆಮಾರ್ಗದಂಥ ಕಾಮಗಾರಿಗಳಲ್ಲಿ, ವಿದ್ಯುತ್ ಸ್ಥಾವರಗಳ ಬಾಯ್ಲರುಗಳಲ್ಲಿ ಬೆಸುಗೆಯ ಗುಣಮಟ್ಟ ನೋಡಲು ಈ ಪರೀಕ್ಷೆ ಸಾಮಾನ್ಯ. ಇತರ ಕಾರ್ಮಿಕರು ಮನೆಗೆ ತೆರಳಿದ ಮೇಲೆ, ಹೆಚ್ಚಾಗಿ ರಾತ್ರಿಯ ಹೊತ್ತು ಈ ಕೆಲಸ ನಡೆಯುವುದರಿಂದ ಇದು ಜನರ ಕಣ್ಣಿಗೆ ಬೀಳುವುದು ಅಪರೂಪ.

ಕೆಲಸಗಾರರ ಬಾಯಲ್ಲಿ 'ಕ್ಯಾಮೆರಾ' ಎಂದೇ ಕರೆಯಲ್ಪಡುವ ಉಪಕರಣದೊಳಗೆ, ಭಾರಲೋಹದ ಕವಚದ ನಡುವೆ, ಕೆಲವೇ ಮಿಲಿಮೀಟರ್ ಗಾತ್ರದ ವಿಕಿರಣ ಮೂಲ ಅಡಗಿರುತ್ತದೆ. ಅದು ಬಹುಮಟ್ಟಿಗೆ ಇರಿಡಿಯಂ-192. ದಪ್ಪ ಲೋಹಕ್ಕಾದರೆ ಕೋಬಾಲ್ಟ್-60. ತೆಳು ಲೋಹಕ್ಕೆ ಸೆಲೆನಿಯಂ-75. ತಂತ್ರಜ್ಞನು ದೂರದಲ್ಲಿ ನಿಂತು ಹಿಡಿಕೆ ತಿರುಗಿಸಿದಾಗ, ಉಕ್ಕಿನ ಕೇಬಲ್ಲಿನ ತುದಿಗೆ ಸಿಕ್ಕಿಸಿದ ಮೂಲವು ಮಾರ್ಗದರ್ಶಿ ಕೊಳವೆಯ ಮೂಲಕ ಬೆಸುಗೆಯ ಬಳಿ ತಲುಪುತ್ತದೆ. ನಿಗದಿತ ಸಮಯ ಮುಗಿದ ಮೇಲೆ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿ ಮೂಲವನ್ನು ಕವಚದೊಳಗೆ ಎಳೆದುಕೊಳ್ಳಬೇಕು. ಅಪಾಯವೆಲ್ಲ ಇರುವುದು ಈ ಕೊನೆಯ ಹಂತದಲ್ಲಿ. ಹಿಡಿಕೆ ಸುಗಮವಾಗಿ ತಿರುಗಿತೆಂಬ ಮಾತ್ರಕ್ಕೆ ಮೂಲ ಒಳಸೇರಿತೆಂದು ಹೇಳುವಂತಿಲ್ಲ. ಜೋಡಣೆ ಕಳಚಿದ್ದರೆ ಬರಿಯ ಕೇಬಲ್ ಹಿಂದಿರುಗುತ್ತದೆ, ಮೂಲ ಕೊಳವೆಯಲ್ಲಿಯೇ ಉಳಿಯುತ್ತದೆ. ಗಾಮಾ ಕಿರಣ ಕಾಣುವುದಿಲ್ಲ, ವಾಸನೆ ಇಲ್ಲ, ಆ ಕ್ಷಣದಲ್ಲಿ ಚರ್ಮಕ್ಕೆ ಬಿಸಿಯೂ ತಾಗುವುದಿಲ್ಲ.

ಎಷ್ಟು ಅಪಾಯ?

ಲೆಕ್ಕ ಸರಳವಾಗಿದೆ. 40 ಕ್ಯೂರಿ ಸಾಮರ್ಥ್ಯದ ಇರಿಡಿಯಂ-192 ಮೂಲದಿಂದ 1 ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 200 ಮಿಲಿಸೀವರ್ಟ್ ವಿಕಿರಣ ಇರುತ್ತದೆ. ವಿಕಿರಣ ಕೆಲಸಗಾರನಿಗೆ ಭಾರತದಲ್ಲಿ ಗೊತ್ತುಪಡಿಸಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್; ಯಾವುದೇ ಒಂದು ವರ್ಷದಲ್ಲಿ 30ನ್ನು ಮೀರುವಂತಿಲ್ಲ. ಅಂದರೆ ಹೊರಗುಳಿದ ಮೂಲದಿಂದ ಒಂದು ಮೀಟರ್ ದೂರದಲ್ಲಿ 6 ನಿಮಿಷ ನಿಂತರೆ ವರ್ಷದ ಪಾಲು ಮುಗಿಯಿತು. 10 ಸೆಂಟಿಮೀಟರ್ ದೂರದಲ್ಲಾದರೆ ನಾಲ್ಕು ಸೆಕೆಂಡುಗಳೂ ಬೇಕಿಲ್ಲ. ಕೊಳವೆಯ ತುದಿಯನ್ನು ಕೈಯಲ್ಲಿ ಹಿಡಿದು ಬಿಚ್ಚುವವನ ಬೆರಳುಗಳ ಗತಿಯನ್ನು ಇದರಿಂದಲೇ ಊಹಿಸಬಹುದು.

ಇದು ಕೇವಲ ಊಹೆಯ ಮಾತಲ್ಲ. ಮೊರಾಕ್ಕೊ ದೇಶದ ಮೊಹಮ್ಮದಿಯಾದ ವಿದ್ಯುತ್ ಸ್ಥಾವರದ ಕಾಮಗಾರಿಯಲ್ಲಿ 1984ರಲ್ಲಿ ಕೇಬಲ್‌ನಿಂದ ಕಳಚಿ ಬಿದ್ದ ಇರಿಡಿಯಂ ಮೂಲವನ್ನು ಅದೇನೆಂದು ಅರಿಯದವನೊಬ್ಬ ಮನೆಗೆ ಒಯ್ದ. ಆ ಮನೆಯವರೂ ನಂಟರೂ ಸೇರಿ ಎಂಟು ಮಂದಿ ಸತ್ತರು. ಸಾವಿಗೆ ವಿಷಪ್ರಾಶನ ಕಾರಣವಿರಬಹುದೆಂದು ಮೊದಲಿಗೆ ಭಾವಿಸಲಾಗಿತ್ತು. 1996ರ ಜುಲೈನಲ್ಲಿ ಇರಾನಿನ ಗಿಲಾನ್ ವಿದ್ಯುತ್ ಸ್ಥಾವರದಲ್ಲಿ ಕಾರ್ಮಿಕನೊಬ್ಬ ಇಂಥದೇ ಮೂಲವನ್ನು ಎದೆಯ ಜೇಬಿನಲ್ಲಿ ಇಟ್ಟುಕೊಂಡಿದ್ದ. 1999ರ ಫೆಬ್ರವರಿಯಲ್ಲಿ ಪೆರು ದೇಶದ ಯಾನಾಂಗೊ ಜಲವಿದ್ಯುತ್ ಘಟಕದಲ್ಲಿ ಬೆಸುಗೆಗಾರನೊಬ್ಬ 37 ಕ್ಯೂರಿ ಸಾಮರ್ಥ್ಯದ ಮೂಲವನ್ನು ಹೆಕ್ಕಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡು ಮನೆಗೆ ಹೋದ. ಮೂಲ ಪತ್ತೆಯಾದುದು ರಾತ್ರಿಯ ವೇಳೆಗೆ. ಮುಂದೆ ಆತನ ಕಾಲನ್ನು ಕತ್ತರಿಸಬೇಕಾಯಿತು. 2002ರ ಏಪ್ರಿಲ್‌ನಲ್ಲಿ ಬೊಲಿವಿಯಾದ ಕೊಚಬಾಂಬದಲ್ಲಿ ಮೂಲ ಮಾರ್ಗದರ್ಶಿ ಕೊಳವೆಯಲ್ಲಿಯೇ ಉಳಿದಿದ್ದರೂ ಸಾಮಗ್ರಿಯನ್ನು ಗಂಟು ಕಟ್ಟಿ ಪ್ರಯಾಣಿಕರ ಬಸ್ಸಿನ ಸರಕಾಗಿ ಲಾ ಪಾಜ್ ನಗರಕ್ಕೆ ಕಳುಹಿಸಲಾಯಿತು. ಸುಮಾರು ಎಂಟು ಗಂಟೆಗಳ ಆ ಪ್ರಯಾಣದುದ್ದಕ್ಕೂ ಸೀಟುಗಳಲ್ಲಿ ಕುಳಿತವರಿಗೆ ತಮ್ಮ ಕೆಳಗೆ ಏನಿದೆ ಎಂಬುದು ತಿಳಿದಿರಲಿಲ್ಲ. ಇವುಗಳಲ್ಲಿ ಹಲವನ್ನು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ವಿವರವಾಗಿ ಅಧ್ಯಯನ ಮಾಡಿ ವರದಿ ಪ್ರಕಟಿಸಿದೆ.

ಬೆಸುಗೆಗಾರನ ಬಳಿಯಾಗಲಿ, ಬಸ್ ಪ್ರಯಾಣಿಕನ ಬಳಿಯಾಗಲಿ ಅಲಾರಂ ಇರುವುದಿಲ್ಲ. ಅದು ಇರಬೇಕಾದುದು ರೇಡಿಯೋಗ್ರಫಿ ತಂತ್ರಜ್ಞನ ಸೊಂಟದಲ್ಲಿ. ಕೆಲಸ ಮುಗಿಸಿ ಕೊಳವೆಯತ್ತ ನಡೆಯುವಾಗ ಅದು ಕೂಗಿದರೆ ಮೂಲ ಹೊರಗಿರುವುದು ಅಲ್ಲಿಯೇ ಬಯಲಾಗುತ್ತದೆ.

ಮೂರು ಸಾಧನ, ಮೂರು ಕೆಲಸ

ತಂತ್ರಜ್ಞನು ಧರಿಸುವ ಟಿಎಲ್‌ಡಿ ಬ್ಯಾಡ್ಜ್ ಎಚ್ಚರಿಕೆ ಕೊಡುವುದಿಲ್ಲ. ಅದು ಲೆಕ್ಕಪುಸ್ತಕವಿದ್ದಂತೆ, ಎಷ್ಟು ವಿಕಿರಣ ತಾಗಿತೆಂಬುದು ಅವಧಿ ಮುಗಿದ ಬಳಿಕ ಪ್ರಯೋಗಾಲಯದಲ್ಲಿ ಓದಿದಾಗ ಮಾತ್ರ ತಿಳಿಯುತ್ತದೆ. ಕೈಯಲ್ಲಿ ಹಿಡಿಯುವ ಸರ್ವೇ ಮೀಟರ್ ಆ ಕ್ಷಣದ ಪ್ರಮಾಣವನ್ನು ತೋರಿಸುತ್ತದೆ, ಆದರೆ ನೋಡಿದರೆ ಮಾತ್ರ. ನೋಡುವುದನ್ನು ಮರೆತವನಿಗೂ ಕೇಳಿಸುವಂತೆ ಕೂಗುವುದು ಅಲಾರಂ. ಮೂರರಲ್ಲಿ ಯಾವುದೂ ಇನ್ನೊಂದರ ಬದಲಿಗೆ ನಿಲ್ಲಲಾರದು. ಸೊಂಟದಲ್ಲಿ ಅಲಾರಂ ಇದೆಯಲ್ಲ ಎಂಬ ಧೈರ್ಯದಿಂದ ಸರ್ವೇ ಮೀಟರನ್ನು ವಾಹನದಲ್ಲಿಯೇ ಬಿಡುವುದು ಈ ವೃತ್ತಿಯ ಹಳೆಯ ಚಾಳಿ.

ಅಲಾರಂ ವಿಷಯದಲ್ಲಿ ಸ್ಪಷ್ಟವಾದ ಲಿಖಿತ ನಿಯಮವುಳ್ಳ ದೇಶಗಳಲ್ಲಿ ಅಮೆರಿಕ ಒಂದು. ಅಲ್ಲಿನ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್ನಿನ ನಿಯಮಾವಳಿಯಂತೆ, ಪ್ರತಿ ಪಾಳಿಯ ಆರಂಭದಲ್ಲಿ ಬಳಕೆಗೆ ಮುನ್ನ ಅಲಾರಂ ಸರಿಯಾಗಿ ಸದ್ದು ಮಾಡುತ್ತದೆಯೇ ಎಂದು ಪರೀಕ್ಷಿಸಬೇಕು. ಗಂಟೆಗೆ 5 ಮಿಲಿಸೀವರ್ಟ್ ಪ್ರಮಾಣಕ್ಕೆ ಅದು ಕೂಗುವಂತಿರಬೇಕು. ನಿಖರತೆಯಲ್ಲಿ ಶೇ 20ಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು. ವಿಶೇಷ ಸಲಕರಣೆಯಿಲ್ಲದೆ ಆ ಮಟ್ಟವನ್ನು ಬದಲಿಸಲು ಬಾರದಂತಿರಬೇಕು. 12 ತಿಂಗಳಿಗೊಮ್ಮೆಯಾದರೂ ಕ್ಯಾಲಿಬ್ರೇಷನ್ ಆಗಬೇಕು. ಸರ್ವೇ ಮೀಟರಿಗೆ ಈ ಅವಧಿ 6 ತಿಂಗಳು.

ಭಾರತದಲ್ಲಿ ಈ ಕ್ಷೇತ್ರದ ಮೇಲ್ವಿಚಾರಣೆ 1983ರಲ್ಲಿ ಸ್ಥಾಪನೆಯಾದ, ಮುಂಬೈನಲ್ಲಿ ಕೇಂದ್ರ ಕಚೇರಿಯುಳ್ಳ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. 2004ರ ವಿಕಿರಣ ರಕ್ಷಣಾ ನಿಯಮಗಳು ಪರವಾನಗಿದಾರನ ಹೊಣೆಯನ್ನೂ ವಿಕಿರಣ ಸುರಕ್ಷತಾ ಅಧಿಕಾರಿಯ ಹೊಣೆಯನ್ನೂ ಬೇರೆಬೇರೆಯಾಗಿ ಗೊತ್ತುಪಡಿಸಿದವು. ಉಪಕರಣ ಸುಸ್ಥಿತಿಯಲ್ಲಿದೆಯೇ ಎಂದು ನೋಡುವ ಕೆಲಸ ಕಚೇರಿಯ ಕಡತದಲ್ಲಿ ಎರಡನೆಯವನ ಪಾಲಿನದು. ರಾತ್ರಿ ಎರಡು ಗಂಟೆಗೆ ಸ್ಥಳದಲ್ಲಿ ಮಾತ್ರ ಅದು ತಂತ್ರಜ್ಞನದೇ.

ಗುಂಡಿ ಏನನ್ನು ಹೇಳುತ್ತದೆ?

ಬಹುತೇಕ ಅಲಾರಂಗಳಲ್ಲಿ 'ಟೆಸ್ಟ್' ಗುಂಡಿಯೊಂದಿರುತ್ತದೆ. ಒತ್ತಿದರೆ ಸದ್ದು ಬರುತ್ತದೆ, ಪರೀಕ್ಷೆ ಆಯಿತೆಂದು ಪುಸ್ತಕದಲ್ಲಿ ಸಹಿ ಬೀಳುತ್ತದೆ. ಆದರೆ ಅನೇಕ ಮಾದರಿಗಳಲ್ಲಿ ಈ ಗುಂಡಿ ಪರೀಕ್ಷಿಸುವುದು ಬ್ಯಾಟರಿಯನ್ನೂ ಸದ್ದು ಮಾಡುವ ಭಾಗವನ್ನೂ ಮಾತ್ರ. ವಿಕಿರಣವನ್ನು ಗ್ರಹಿಸಬೇಕಾದ ಗೈಗರ್-ಮುಲ್ಲರ್ ಕೊಳವೆ ಒಡೆದಿದ್ದರೂ, ಅದರ ತಂತಿ ಕಿತ್ತಿದ್ದರೂ ಗುಂಡಿ ಒತ್ತಿದಾಗ ಸದ್ದು ಬಂದೀತು. ಬಾಗಿಲ ಕರೆಗಂಟೆ ಬಾರಿಸುತ್ತದೆಂದ ಮಾತ್ರಕ್ಕೆ ಕಾವಲುಗಾರ ಎಚ್ಚರವಾಗಿದ್ದಾನೆ ಎನ್ನಲಾಗದು. ತಯಾರಕರ ಕೈಪಿಡಿಯಲ್ಲಿ ಗುಂಡಿಯ ಕೆಲಸವೇನೆಂದು ಬರೆದಿರುತ್ತದೆ. ಹೊಸ ಸಾಧನ ಕೈಗೆ ಬಂದ ದಿನ ಮೊದಲು ಓದಬೇಕಾದ ಪುಟ ಅದು.

ಹಾಗಾದರೆ ಮುಚ್ಚಿದ ಕ್ಯಾಮೆರಾದ ಬಳಿ ಹಿಡಿದು ನೋಡಿದರೆ ಸಾಲದೇ? ಇಲ್ಲೊಂದು ತೊಡಕಿದೆ. ಮೂಲ ಒಳಗಿರುವಾಗ ಕವಚದ ಹೊರಮೈಯಲ್ಲಿ ಗಂಟೆಗೆ 2 ಮಿಲಿಸೀವರ್ಟ್‌ಗಿಂತ ಹೆಚ್ಚು ಇರಕೂಡದೆಂಬುದು ಕ್ಯಾಮೆರಾ ತಯಾರಿಕೆಯ ಅಂತಾರಾಷ್ಟ್ರೀಯ ಮಾನದಂಡ. 5ಕ್ಕೆ ಕೂಗುವ ಅಲಾರಂ 2ಕ್ಕೆ ಸುಮ್ಮನಿರಲೇಬೇಕು. ಕೂಗಿದರೆ ಅಲಾರಂ ಕೆಟ್ಟಿದೆ, ಇಲ್ಲವೇ ಕ್ಯಾಮೆರಾ. ಆದ್ದರಿಂದ ಸುಸ್ಥಿತಿಯ ಕ್ಯಾಮೆರಾ ಅಲಾರಮಿನ ಪೂರ್ಣ ಪರೀಕ್ಷೆಗೆ ಒದಗುವುದಿಲ್ಲ. ಆದರೂ ಅದು ಪ್ರಯೋಜನವಿಲ್ಲದ್ದೇನಲ್ಲ. ವಿಕಿರಣ ಹೆಚ್ಚಿದಂತೆ 'ಚಿಕ್ ಚಿಕ್' ಶಬ್ದದ ವೇಗ ಹೆಚ್ಚುವ ಮಾದರಿಗಳಿವೆ. ಅಂಥದನ್ನು ಹೊರಮೈಗೆ ತಾಗಿಸಿದಾಗ ಶಬ್ದ ಬಿರುಸಾದರೆ ಗ್ರಹಿಸುವ ಕೊಳವೆಗೆ ಜೀವವಿದೆಯೆಂದು ತಿಳಿಯಬಹುದು. ಅಂಕಿ ತೋರಿಸುವ ಎಲೆಕ್ಟ್ರಾನಿಕ್ ಸಾಧನವಾದರೆ ಸರ್ವೇ ಮೀಟರನ್ನು ಪಕ್ಕದಲ್ಲಿಟ್ಟು ಎರಡರ ಅಂಕಿಗಳನ್ನು ಹೋಲಿಸಬೇಕು.

ಮಟ್ಟ ಮುಟ್ಟಿದಾಗ ನಿಜಕ್ಕೂ ಕೂಗುತ್ತದೆಯೇ ಎಂದು ನೋಡುವ ಮಾರ್ಗ ಬೇರೆ. ಅಲಾರಮನ್ನು ಸ್ಟ್ಯಾಂಡಿನ ಮೇಲೆ ಲೆಕ್ಕ ಹಾಕಿದ ದೂರದಲ್ಲಿಟ್ಟು, ಎಲ್ಲರೂ ಹಗ್ಗದ ಗಡಿಯಾಚೆ ಸರಿದು, ಅಂದಿನ ಮೊದಲ ಎಕ್ಸ್‌ಪೋಷರ್ ಸಮಯದಲ್ಲಿಯೇ ಸದ್ದನ್ನು ಆಲಿಸುವುದು. ಸಾಧನವನ್ನು ಕೈಯಲ್ಲಿ ಹಿಡಿದು ಮೂಲದತ್ತ ನಡೆದು ಪರೀಕ್ಷಿಸುವುದು ಹುಚ್ಚುತನ.

ಲೆಕ್ಕ ಹಾಕಿದ ದೂರ ಎಂದುದಕ್ಕೆ ಕಾರಣವಿದೆ. 40 ಕ್ಯೂರಿಯ ಹೊಸ ಇರಿಡಿಯಂ ಮೂಲಕ್ಕೆ, ನಡುವೆ ಅಡ್ಡಿಯಿಲ್ಲದಿದ್ದರೆ, ಸುಮಾರು 6 ಮೀಟರ್ ದೂರದಲ್ಲಿ ಅಲಾರಂ ಕೂಗಬೇಕು. ಇರಿಡಿಯಂ-192ರ ಅರ್ಧಾಯು ಸುಮಾರು 74 ದಿನ. ಐದು ತಿಂಗಳು ಕಳೆದಾಗ ಅದೇ ಮೂಲ 10 ಕ್ಯೂರಿಗೆ ಇಳಿದಿರುತ್ತದೆ. ಆಗ ಕೂಗುವುದು 3 ಮೀಟರ್ ಹತ್ತಿರಕ್ಕೆ ಬಂದ ಮೇಲೆ. ಕಿರಣವನ್ನು ಒಂದೇ ದಿಕ್ಕಿಗೆ ಬಿಡುವ ಕೊಲಿಮೇಟರ್ ಇದ್ದರೆ ಇತರ ದಿಕ್ಕುಗಳಲ್ಲಿ ಅದಕ್ಕೂ ಹತ್ತಿರ. ಮೂಲ ಹಳೆಯದಾದಷ್ಟೂ ಅಲಾರಂ ತಡವಾಗಿ ಕೂಗುತ್ತದೆ ಎಂಬ ಈ ಸಂಗತಿಯನ್ನು ತರಬೇತಿಯಲ್ಲಿ ಇನ್ನಷ್ಟು ಒತ್ತಿ ಹೇಳಬೇಕಾಗಿದೆ.

ಮೌನದ ಕಾರಣಗಳು

ಗೈಗರ್-ಮುಲ್ಲರ್ ಕೊಳವೆಗೆ ಒಂದು ಸಹಜ ದೌರ್ಬಲ್ಯವಿದೆ. ಪ್ರತಿ ಕಿರಣವನ್ನು ಎಣಿಸಿದ ಮೇಲೆ ಅದು ಕ್ಷಣಾರ್ಧ ಕುರುಡಾಗುತ್ತದೆ. ವಿಕಿರಣ ವಿಪರೀತ ಹೆಚ್ಚಿದರೆ ಚೇತರಿಸಿಕೊಳ್ಳುವ ಮೊದಲೇ ಮುಂದಿನದು ಬಂದು ಬಡಿಯುವುದರಿಂದ ಎಣಿಕೆಯೇ ನಿಂತು, ಮುಳ್ಳು ಸೊನ್ನೆಯತ್ತ ಜಾರಬಹುದು. ಎಲ್ಲಿ ಅಪಾಯ ಅತಿ ಹೆಚ್ಚೋ ಅಲ್ಲಿಯೇ ಸಾಧನ 'ಏನೂ ಇಲ್ಲ' ಎನ್ನುವ ಸ್ಥಿತಿ ಇದು. ಒಳ್ಳೆಯ ಸಾಧನದ ವಿದ್ಯುನ್ಮಂಡಲ ಇದನ್ನು ಗುರುತಿಸಿ ಕೂಗುತ್ತಲೇ ಇರುತ್ತದೆ. ಕ್ಯಾಲಿಬ್ರೇಷನ್‌ಗೆ ಕಳುಹಿಸುವಾಗ ಅತಿ ಪ್ರಮಾಣದ ವಿಕಿರಣದಲ್ಲಿಯೂ ಪರೀಕ್ಷಿಸಲು ಕೇಳಿಕೊಂಡು ಆ ಫಲಿತಾಂಶವನ್ನು ಪ್ರಮಾಣಪತ್ರದಲ್ಲಿ ಹುಡುಕುವುದು ಒಳಿತು.

ಅತಿ ಸೂಕ್ಷ್ಮ ಕಾಲದ ಮಿಡಿತಗಳಲ್ಲಿ ಕಿರಣ ಬಿಡುವ ಪಲ್ಸ್ ಎಕ್ಸ್-ರೇ ಯಂತ್ರಗಳ ಬಳಿಯೂ ಈ ಕೊಳವೆಯನ್ನು ನಂಬುವಂತಿಲ್ಲ. ಒಂದು ಮಿಡಿತದಲ್ಲಿ ಎಷ್ಟೇ ಕಿರಣಗಳಿದ್ದರೂ ಅದು ಒಂದೆಂದೇ ಎಣಿಸುತ್ತದೆ.

ಉಳಿದ ಕಾರಣಗಳು ಮಾಮೂಲಿನವು. ಬ್ಯಾಟರಿ ಬತ್ತಿರುವುದು. ಸಾಧನ ಕೆಳಗೆ ಬಿದ್ದಿದ್ದನ್ನು ಯಾರಿಗೂ ಹೇಳದಿರುವುದು. ಮಳೆಯಲ್ಲಿ ತೊಯ್ದಿರುವುದು. ಮೈಕ್ರೋಸೀವರ್ಟನ್ನು ಮಿಲಿಸೀವರ್ಟ್ ಎಂದು ತಿಳಿದು ಮಟ್ಟ ಹೊಂದಿಸಿರುವುದು. ಇವೆರಡರ ನಡುವೆ ಸಾವಿರ ಪಟ್ಟು ಅಂತರವಿದೆ. ಕಂಪ್ರೆಸರ್, ಗ್ರೈಂಡರ್‌ಗಳ ಗದ್ದಲದಲ್ಲಿ ಸದ್ದು ಕೇಳಿಸದಿರುವುದು. ಇಂಥ ಕಡೆ ಕಿವಿಗೆ ಹಾಕುವ ಇಯರ್‌ಫೋನ್ ಅಥವಾ ಮೊಬೈಲಿನಂತೆ ಅದುರುವ ಮಾದರಿ ಬೇಕು. ಪರೀಕ್ಷೆಯನ್ನೂ ನಿಶ್ಶಬ್ದ ಕೋಣೆಯಲ್ಲಲ್ಲ, ಆ ಗದ್ದಲದ ನಡುವೆಯೇ ಮಾಡಬೇಕು. ಸಾಧನವನ್ನು ಚೀಲದೊಳಗೋ ದಪ್ಪ ಜಾಕೆಟಿನ ಅಡಿಯಲ್ಲೋ ಬೆನ್ನ ಕಡೆಗೋ ಸಿಕ್ಕಿಸಿದರೆ ಸದ್ದೂ ಕುಗ್ಗುತ್ತದೆ, ಮೈಯೇ ಕಿರಣಕ್ಕೆ ಅಡ್ಡವಾಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಸ್ವಿಚ್ ಆರಿಸುವುದು. ಸುಳ್ಳು ಸದ್ದಿನಿಂದ ರೇಗಿದವನು ಅಲಾರಮನ್ನೇ ಆರಿಸಿ ಕೆಲಸ ಮುಂದುವರಿಸಿದರೆ ಪರೀಕ್ಷೆ, ಪ್ರಮಾಣಪತ್ರ ಎಲ್ಲವೂ ವ್ಯರ್ಥ. ಅಲಾರಂ ಕೂಗಿದಾಗ ಮಾಡಬೇಕಾದುದು ಒಂದೇ: ಹಿಂದೆ ಸರಿಯುವುದು. ನಿಜವೋ ಸುಳ್ಳೋ ಎಂಬುದನ್ನು ದೂರದಿಂದ ಸರ್ವೇ ಮೀಟರ್ ಹೇಳಲಿ.

ಶಾಶ್ವತ ಕೊಠಡಿಗಳಲ್ಲಿ

ಕಾರ್ಖಾನೆಯೊಳಗೆ ದಪ್ಪ ಗೋಡೆಯ ಪ್ರತ್ಯೇಕ ರೇಡಿಯೋಗ್ರಫಿ ಕೊಠಡಿ ಇದ್ದರೆ ಅದರ ಬಾಗಿಲಿಗೆ ಕೆಂಪು ದೀಪ ಮತ್ತು ಸೈರನ್ ಅಳವಡಿಸಿರುತ್ತಾರೆ. ಅಮೆರಿಕದ ನಿಯಮದಂತೆ ಕೊಠಡಿ ಬಳಸುವ ಪ್ರತಿ ದಿನ, ಕೆಲಸಕ್ಕೆ ಮುನ್ನ, ನಿಜವಾದ ವಿಕಿರಣ ಮೂಲವನ್ನೇ ಬಳಸಿ ಇವೆರಡನ್ನೂ ಪರೀಕ್ಷಿಸಬೇಕು. ಗುಂಡಿ ಒತ್ತಿದರೆ ಲೆಕ್ಕಕ್ಕಿಲ್ಲ. ದೀಪ ಉರಿದು ಸೈರನ್ ಮೊಳಗದಿದ್ದರೂ ವ್ಯವಸ್ಥೆ ಕೆಟ್ಟಂತೆಯೇ. ಕೆಟ್ಟದ್ದಕ್ಕೆ ಆ ಕೂಡಲೇ ಚೀಟಿ ಅಂಟಿಸಿ 7 ದಿನಗಳೊಳಗೆ ದುರಸ್ತಿ ಮಾಡಬೇಕು. ಅಲ್ಲಿಯವರೆಗೆ ಕೊಠಡಿಯನ್ನು ಬಳಸುವುದಾದರೆ ಬಾಗಿಲ ಮೇಲೆ ಸತತ ನಿಗಾ ಇರಬೇಕು, ಒಳಹೋಗುವವರು ಸೊಂಟದ ಅಲಾರಂ ಧರಿಸಿರಬೇಕು.

ಬಯಲಿನಲ್ಲಾಗಲಿ ಕೊಠಡಿಯಲ್ಲಾಗಲಿ ಪ್ರತಿ ಎಕ್ಸ್‌ಪೋಷರ್ ಮುಗಿದ ಮೇಲೆ ಸರ್ವೇ ಮೀಟರ್ ಹಿಡಿದು ಕ್ಯಾಮೆರಾದ ಸುತ್ತಲೂ, ಮಾರ್ಗದರ್ಶಿ ಕೊಳವೆಯ ಉದ್ದಕ್ಕೂ ತುದಿಯವರೆಗೂ ನೋಡಬೇಕು. ಕ್ಯಾಮೆರಾದ ಹೊರಮೈಯ ಅಂಕಿ ಬೆಳಿಗ್ಗೆ ಬರೆದಿಟ್ಟ ಅಂಕಿಗೆ ಸರಿಹೊಂದಬೇಕು. ಹೆಚ್ಚು ಬಂದರೆ ಮೂಲ ಪೂರ್ತಿ ಒಳಸೇರಿಲ್ಲ. ತೀರ ಕಡಿಮೆ ಬಂದರೆ ಅದು ಇನ್ನೂ ಗಂಭೀರ: ಮೂಲ ಕ್ಯಾಮೆರಾದೊಳಗೆ ಇಲ್ಲದಿರಬಹುದು, ಇಲ್ಲವೇ ಕೈಯಲ್ಲಿರುವ ಮೀಟರೇ ಸತ್ತಿರಬಹುದು.